ಹದಿನೇಳನೇ ಟೋಕನ್

"ಎಣಿಸು" ಎಂದರು ಅಹ್ಮದ್ ಕುಂಞಿ.

ಸುಶಾಂತ್ ಮುಖ ಸಿಂಡರಿಸಿಕೊಂಡು ಪ್ಲಾಸ್ಟಿಕ್ ಚೀಲವನ್ನು ಮೇಜಿನ ಗಾಜಿನ ಮೇಲೆ ಬೋರಲು ಹಾಕಿದ. ನೀಲಿ ದಾರ ಕಟ್ಟಿದ ಹಳದಿ ಟೋಕನ್‌ಗಳು ಕಲಕಲನೆ ಹರಡಿಕೊಂಡವು.

"ಎಂತಕ್ಕೆ ಎಣಿಸುದು ಅಹ್ಮದಾಕ? ಮೂವತ್ನಾಲ್ಕು ಜನ ಹೋದದ್ದು, ಮೂವತ್ತಮೂರು ಜನ ಬಂದದ್ದು. ಇದರಲ್ಲಿ ಪತ್ತೇದಾರಿ ಎಂತ ಉಂಟು?"

"ಎಣಿಸು ಮಾರಾಯ. ಎಣಿಸಿದರೆ ನಿನ್ನ ಅಪ್ಪನ ಗಂಟೇನೂ ಹೋಗುದಿಲ್ಲ."

ದುಬೈಯ ಸತ್ವಾದಲ್ಲಿದ್ದ ಅಹ್ಮದ್ ಕುಂಞಿಯವರ ಟೈಪಿಂಗ್ ಸೆಂಟರ್‌ನಲ್ಲಿ ನಾಲ್ಕು ಜನ ಕೂತರೆ ಐದನೆಯವರು ಉಸಿರು ಬಿಗಿ ಹಿಡಿದು ನಿಲ್ಲಬೇಕು. ಬಾಗಿಲ ಬಳಿಯ ಸ್ಟೂಲಿನಲ್ಲಿದ್ದ ಮಿನ್ಹಾ ಪಕ್ಕದ ರಾಜೀವಿಯ ಕೈಯನ್ನು ಗಟ್ಟಿಯಾಗಿ ಹಿಡಿದಳು. ಹತ್ತು ದಿನಗಳ ಯುರೋಪ್ ಬಸ್ ಪ್ರವಾಸದ ಆರನೆಯ ದಿನ, ಇಟಲಿಯ ಬೋಲ್ಜಾನೊ ಎಂಬ ಬೆಟ್ಟದೂರಿನಲ್ಲಿ ಕಾಫಿಗೆಂದು ಇಳಿದ ರಾಜೀವಿಯ ಗಂಡ, ದರ್ಜಿ ಜಯಪಾಲ, ಮತ್ತೆ ಬಸ್ಸು ಹತ್ತಿರಲಿಲ್ಲ. ಮಿನ್ಹಾ ಸೇರಿ ಉಳಿದವರು ದುಬೈಗೆ ಮರಳಿ ನಾಲ್ಕು ದಿನವಾಗಿತ್ತು.

ಇವತ್ತು ಗುರುವಾರ. ಸಂಜೆ ಐದಕ್ಕೆ ಟೂರ್ ಕಂಪನಿಯಿಂದ ಒಂದು ಪತ್ರ ಹೊರಡಲಿತ್ತು. ನಮ್ಮ ಪ್ರಯಾಣಿಕ ಜಯಪಾಲ ಯುರೋಪಿನಲ್ಲಿ ತಲೆಮರೆಸಿಕೊಂಡಿದ್ದಾರೆ ಎಂದು ವೀಸಾ ಕೊಟ್ಟವರಿಗೆ ಒಂದು ಪ್ರತಿ, ಅವರು ದುಡಿಯುವ ಟೈಲರಿಂಗ್ ಅಂಗಡಿಯ ಮಾಲೀಕನಿಗೆ ಇನ್ನೊಂದು. ಮಾಲೀಕ ಅಬ್ಸ್ಕಾಂಡಿಂಗ್, ಅಂದರೆ ಕೆಲಸ ಬಿಟ್ಟು ಪರಾರಿ ಎಂದು ದೂರು ಕೊಟ್ಟರೆ ಇಪ್ಪತ್ತೆಂಟು ವರ್ಷದ ಮರ್ಯಾದೆ ಖಲಾಸ್. ಗಂಡನ ವೀಸಾದ ಬಾಲ ಹಿಡಿದು ನಿಂತ ರಾಜೀವಿಯ ವೀಸಾವೂ ಖಲಾಸ್.

ಸುಶಾಂತ್ ಕೆಟ್ಟವನೇನಲ್ಲ. ಟೂರ್ ಲೀಡರ್ ಆಗುವ ಮೊದಲು ಅಲ್ ಕೂಜ್‌ನ ಒಂದು ಕಟ್ಟಡ ಕಂಪನಿಯಲ್ಲಿ ಕೆಲಸಗಾರರ ಹಾಜರಿ ನೋಡುವ ಟೈಮ್‌ಕೀಪರ್ ಆಗಿದ್ದವನು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಇವನ ಟೈಮ್‌ಕೀಪರ್ ಗುಣ ಆಲ್ಪ್ಸ್ ಹತ್ತಿದರೂ ಹೋಗಲಿಲ್ಲ. ಬಸ್ಸಿನ ಬಾಗಿಲ ಪಕ್ಕ ಒಂದು ಹಲಗೆ, ಹಲಗೆಗೆ ಮೂವತ್ನಾಲ್ಕು ಮೊಳೆ. ಇಳಿಯುವಾಗ ನಿಮ್ಮ ನಂಬರಿನ ಟೋಕನ್ ಮೊಳೆಗೆ ತೂಗುಹಾಕಬೇಕು, ಹತ್ತುವಾಗ ತೆಗೆದು ಕುತ್ತಿಗೆಗೆ ಹಾಕಿಕೊಳ್ಳಬೇಕು. ಹಲಗೆ ಖಾಲಿಯಾದರೆ ಎಲ್ಲರೂ ಬಂದರು ಎಂದು ಲೆಕ್ಕ, ಯಲ್ಲಾ, ಬಸ್ಸು ಹೊರಡುತ್ತದೆ. ಮೊದಲ ದಿನ ಎಲ್ಲರೂ ನಕ್ಕಿದ್ದರು. ಎರಡನೆಯ ದಿನದಿಂದ ಶಾಲೆಯ ಮಕ್ಕಳ ಹಾಗೆ ಪಾಲಿಸಿದ್ದರು.

"ಬೋಲ್ಜಾನೊದಲ್ಲಿ ಬಸ್ಸು ಹೊರಡುವಾಗ ಹಲಗೆ?" ಅಹ್ಮದ್ ಕುಂಞಿ ಕೇಳಿದರು.

"ಖಾಲಿ. ನಾನೇ ನೋಡಿದ್ದು. ಇನ್ಸ್‌ಬ್ರುಕ್‌ನಲ್ಲಿ ಇಳಿದಾಗಲೇ ಗೊತ್ತಾದದ್ದು ಜಯಪಾಲಣ್ಣ ಇಲ್ಲ ಅಂತ. ಟೋಕನ್ ತಗೊಂಡು ಹಿಂದಿನ ಬಾಗಿಲಿಂದ ಇಳಿದು ಹೋಗಿದ್ದಾರೆ. ಮತ್ತೆ ಅವತ್ತು ಬೆಳಿಗ್ಗೆ ಅಂಗಡಿಯಲ್ಲಿ ತೋರಿಸ್ಲಿಕ್ಕೆ ಅಂತ ನನ್ನ ಹತ್ತಿರ ಪಾಸ್‌ಪೋರ್ಟ್ ಬೇರೆ ಕೇಳಿ ತಗೊಂಡಿದ್ರು. ಇನ್ನೆಂತ ಬೇಕು ನಿಮಗೆ?"

ರಾಜೀವಿ ತಲೆಯೆತ್ತಲಿಲ್ಲ. ಕರ್ನಾಟಕ ಸಂಘದ ಲಕ್ಕಿ ಡ್ರಾದಲ್ಲಿ ಒಬ್ಬರಿಗೆ ಮಾತ್ರ ಈ ಪ್ರವಾಸ ಬಂದಾಗ ಇದೇ ಜಯಪಾಲರನ್ನು ಹೆಗಲ ಮೇಲೆ ಹೊತ್ತು ಕುಣಿದಿದ್ದ ಜನ, ಈಗ ವಾಟ್ಸಾಪಿನಲ್ಲಿ ಅವರಿಗೆ ಜರ್ಮನಿಯಲ್ಲಿ ಹೋಟೆಲ್ ಕೆಲಸವನ್ನೂ ಕೊಡಿಸಿಬಿಟ್ಟಿದ್ದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ದುಬೈಯಲ್ಲೂ ಕಮ್ಮಿಯಿಲ್ಲ.

ಸುಶಾಂತ್ ಎಣಿಸುತ್ತಿದ್ದ. "ಮೂವತ್ತೊಂದು, ಮೂವತ್ತೆರಡು, ಮೂವತ್ತಮೂರು..."

ಅವನ ಬೆರಳು ನಿಂತಿತು. ಗಾಜಿನ ಮೇಲೆ ಇನ್ನೂ ಒಂದು ಟೋಕನ್ ಉಳಿದಿತ್ತು.

"ಹೇಳು" ಅಹ್ಮದ್ ಕುಂಞಿ ಮೆಲ್ಲಗೆ ಅಂದರು.

"ಮೂವತ್ನಾಲ್ಕು."

"ಹದಿನೇಳು ಯಾರದ್ದು?"

ಸುಶಾಂತ್ ರಾಶಿಯನ್ನು ಕೆದಕಿ ಹದಿನೇಳನ್ನು ಹೊರಗೆಳೆದ. "ಜಯಪಾಲಣ್ಣನದ್ದು. ಏರ್‌ಪೋರ್ಟಿನಲ್ಲಿ ಎಲ್ಲರೂ ಚೀಲಕ್ಕೆ ಹಾಕಿದ್ರು. ನಾನು ಎಣಿಸ್ಲಿಲ್ಲ ಅಹ್ಮದಾಕ. ಟೂರ್ ಮುಗಿದಿತ್ತಲ್ಲ."

"ಓಡಿಹೋದವನು ಯುರೋಪಿನಲ್ಲಿ. ಅವನ ಟೋಕನ್ ದುಬೈಯಲ್ಲಿ. ಅದಕ್ಕೇನು ಕಾಲು ಬಂತಾ?"

ಎಂಟು ದಿನಗಳಲ್ಲಿ ಮೊದಲ ಬಾರಿಗೆ ಜಯಪಾಲಣ್ಣನ ಪರವಾಗಿ ಒಂದು ವಸ್ತು ಮಾತಾಡಿತ್ತು. ಮಿನ್ಹಾಳಿಗೆ ಈ ಮುದುಕರ ಕೈಯನ್ನು ಕಣ್ಣಿಗೊತ್ತಿಕೊಳ್ಳಬೇಕು ಅನ್ನಿಸಿತು.

ಅಹ್ಮದ್ ಕುಂಞಿಗೆ ಅರವತ್ತೊಂದು. ಮೂವತ್ತೈದು ವರ್ಷ ಬೇರೆಯವರ ಅರ್ಜಿ ಟೈಪ್ ಮಾಡಿ ಮಾಡಿ, ಮನುಷ್ಯರ ಮುಖಕ್ಕಿಂತ ಕಾಗದವನ್ನು ಚೆನ್ನಾಗಿ ಓದುತ್ತಿದ್ದರು. ಈ ಪ್ರವಾಸದ ಮೂವತ್ನಾಲ್ಕು ವೀಸಾ ಫಾರ್ಮುಗಳೂ ಇದೇ ಮೇಜಿನ ಮೇಲೆ ಹುಟ್ಟಿದ್ದವು. ಈಗ ಅವರು ಕನ್ನಡಕ ಏರಿಸಿ ಟೋಕನ್ನಿನ ದಾರವನ್ನು ಬೆಳಕಿಗೆ ಹಿಡಿದರು.

"ಮಗಳೇ, ಇಲ್ಲಿ ನೋಡು. ಎಂತ ಉಂಟು?"

ದಾರದ ತುದಿಯಲ್ಲಿ ಒಂದು ಸೇಫ್ಟಿ ಪಿನ್ನು.

"ಬೇರೆ ಯಾವುದರಲ್ಲಾದರೂ ಉಂಟಾ, ಹುಡುಕು."

ಮಿನ್ಹಾ ಒಂದೊಂದಾಗಿ ತಿರುಗಿಸಿದಳು. ಇನ್ನೊಂದೇ ಒಂದರಲ್ಲಿತ್ತು. ಒಂಬತ್ತನೇ ನಂಬರ್. ಅವಳ ಕಣ್ಣೆದುರು ಒಂದು ಬೂದುಬಣ್ಣದ ಸ್ವೆಟರ್ ಬಂತು, ಎದೆಯ ಎಡಗಡೆ ನೆಟ್ಟಗೆ ಚುಚ್ಚಿಕೊಂಡ ಹಳದಿ ಟೋಕನ್ ಬಂತು.

"ಲೂರ್ದ್ ಆಂಟಿ" ಎಂದಳು. "ನಾವೆಲ್ಲ ಕುತ್ತಿಗೆಗೆ ಹಾಕುತ್ತಿದ್ದೆವು. ಅವರು ಮಾತ್ರ ಪಿನ್ ಮಾಡ್ತಿದ್ರು."

"ಮಾಡಬೇಕಾದ್ದೇ. ಅಲ್ ಕೂಜ್‌ನ ರೆಡಿಮೇಡ್ ಫ್ಯಾಕ್ಟರಿಯಲ್ಲಿ ಹದಿನಾಲ್ಕು ವರ್ಷ ಕೆಲಸ, ನಾನೇ ಟೈಪ್ ಮಾಡಿದ್ದು. ದೊಡ್ಡ ಮೆಷಿನ್ ಹತ್ತಿರ ನಿಲ್ಲುವವರು ಕುತ್ತಿಗೆಗೆ ದಾರ ಹಾಕುದಿಲ್ಲ. ದಾರ ಸಿಕ್ಕಿದರೆ ತಲೆಯೂ ಹೋಯ್ತು. ಅಲ್ಲಿ ಇನ್ನೊಂದು ಕ್ರಮ ಉಂಟು. ಗೆಳತಿ ತಡವಾದರೆ ಅವಳ ಟೋಕನ್ನನ್ನೂ ತಾನೇ ತೆಗೆಯುದು, ಅರ್ಧ ದಿನದ ಹಾಜರಿ ಉಳೀಲಿ ಅಂತ. ಏನು ಸುಶಾಂತ್, ಟೈಮ್‌ಕೀಪರ್, ಗೊತ್ತಿಲ್ವಾ?"

ಗೊತ್ತಿತ್ತು. ಎಷ್ಟೋ ಸಲ ಹಿಡಿದಿದ್ದ. ಸುಶಾಂತ್ ಹಣೆ ಒತ್ತಿಕೊಂಡ. "ಆದ್ರೆ ಇದನ್ನು ಕಟ್ಟಿಕೊಂಡು ಬಾಸ್ ಹತ್ತಿರ ಹೋದರೆ, ಇಬ್ಬರೂ ಸೇರಿ ಮಾಡಿದ್ದು ಅಂತಾರೆ ಅಹ್ಮದಾಕ. ಐದು ಗಂಟೆಯವರೆಗೆ ಪತ್ರ ನಾನು ತಡೀತೇನೆ. ಅವರು ಯಾಕೆ ಇಳಿದ್ರು ಅಂತ ತಂದುಕೊಡಿ."

"ಅಷ್ಟು ಮಾಡಿದರೆ ನಿನಗೆ ಪುಣ್ಯ ಉಂಟು" ಎನ್ನುತ್ತ ಅಹ್ಮದ್ ಕುಂಞಿ ಕಾರಿನ ಕೀ ತೆಗೆದುಕೊಂಡರು. ಅಂಗಡಿಯನ್ನು ಅವರ ಟೈಪಿಸ್ಟ್ ಸಕೀನಳಿಗೆ ಒಪ್ಪಿಸಿ, ಮೂವರೂ ಲೂರ್ದ್ ಕೆಲಸ ಮಾಡುವ ಅಬುಧಾಬಿಯ ದಾರಿ ಹಿಡಿದರು.

*

ಅಹ್ಮದ್ ಕುಂಞಿಯವರ ಹಳೆಯ ಕಾರು ನೂರು ದಾಟಿದರೆ ಕೆಮ್ಮುತ್ತಿತ್ತು. ರಾಜೀವಿ ಮುಂದಿನ ಸೀಟಿನಲ್ಲಿ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕುಳಿತಿದ್ದರು. ಹಿಂದೆ ಕುಳಿತ ಮಿನ್ಹಾಳಿಗೆ ರಸ್ತೆಯ ಎರಡೂ ಕಡೆಯ ಮರಳು ಕಾಣಲೇ ಇಲ್ಲ. ಅವಳಿಗೆ ಕಾಣುತ್ತಿದ್ದದ್ದು ನೀರು.

ಇಪ್ಪತ್ಮೂರು ವರ್ಷದ ಅವಳಿಗೆ ಅದು ಒಬ್ಬಳೇ ಹೊರಟ ಮೊದಲ ಪ್ರವಾಸ. ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನ ಆಫೀಸಿನಲ್ಲಿ ದಿನವಿಡೀ ಕಂಪ್ಯೂಟರಿನಲ್ಲಿ ಬೇರೆಯವರ ಮನೆಗಳ ನಕ್ಷೆ ಬಿಡಿಸುವ ಹುಡುಗಿ, ಹಿಮದ ಬೆಟ್ಟ ಕಂಡಾಗ ಕಿಟಕಿಗೆ ಮೂಗು ಒತ್ತಿ ಕುಳಿತವಳು. ಐದನೆಯ ದಿನ ವೆನಿಸ್. ಸಂಜೆ ಒಂದು ಪುಟ್ಟ ಸೇತುವೆಯ ಮೇಲೆ ಜನ ಕಿಕ್ಕಿರಿದಿದ್ದರು. ಕೆಳಗೆ ಕಾಲುವೆಗೆ ಇಳಿಯುವ ಪಾಚಿಗಟ್ಟಿದ ಮೆಟ್ಟಿಲ ಮೇಲೆ ನಿಂತು ಫೋಟೋ ತೆಗೆಯುತ್ತಿದ್ದಳು. ಮರುಗಳಿಗೆ ನೀರಿನ ಒಳಗಿದ್ದಳು. ಉದ್ದನೆಯ ಕೋಟು ನೀರು ಕುಡಿದು ಕಲ್ಲಿನ ಹಾಗೆ ಕೆಳಗೆಳೆಯಿತು.

ಸುತ್ತ ನೂರು ಜನ ಕೂಗಿದರು. ಹಾರಿದ್ದು ಒಬ್ಬರೇ. ಐವತ್ತೆಂಟು ವರ್ಷದ ದರ್ಜಿ, ಬೂಟಿನ ಸಮೇತ.

"ಮಲ್ಪೆಯಲ್ಲಿ ಬೆಳೆದವನಿಗೆ ಇದೊಂದು ನೀರಾ ಮಗಳೇ" ಎಂದಿದ್ದರು ದಡದಲ್ಲಿ, ಹಲ್ಲು ಕಟಕಟ ಅನ್ನುತ್ತಿದ್ದರೂ ನಗುತ್ತ. ಮರುದಿನ ಬೆಳಿಗ್ಗೆ ಹೋಟೆಲ್ ಕೋಣೆಯ ಬಾಗಿಲಿಗೆ ಅವಳ ಕೋಟು ನೇತಾಡುತ್ತಿತ್ತು. ಹರಿದ ಜೇಬಿಗೆ ಹೊಲಿಗೆ ಬಿದ್ದಿತ್ತು, ಇಸ್ತ್ರಿಯೂ ಆಗಿತ್ತು. ಅವತ್ತೇ ಅವರು ಮಾಯವಾದದ್ದು. ಸರಿಯಾಗಿ ಒಂದು ಥ್ಯಾಂಕ್ಸ್ ಹೇಳಲೂ ಅವಳಿಗೆ ಸಮಯ ಸಿಗಲಿಲ್ಲ.

"ರಾಜೀವಕ್ಕ" ಎಂದಳು ಮಿನ್ಹಾ. "ಅಣ್ಣ ಇಲ್ಲದಿದ್ದರೆ ನಾನು ಇವತ್ತು ಇಲ್ಲ. ಎಂತ ಆದರೂ ನಿಮ್ಮನ್ನು ಬಿಟ್ಟು ಹೋಗುದಿಲ್ಲ ನಾನು."

ರಾಜೀವಿ ಹಿಂತಿರುಗಿ ನೋಡಿದರು. "ನೀನು ಬದುಕಿದ್ದೀಯಲ್ಲ ಮಗಾ, ಅದೇ ಸಂತೋಷ. ಇವರು ಮಾಡಿದ ಒಳ್ಳೆ ಕೆಲಸ ಒಂದು ನನ್ನ ಕಣ್ಣೆದುರು ಕೂತಿದೆ. ಉಳಿದದ್ದು ದೇವರು ನೋಡಿಕೊಳ್ಳಲಿ."

ಅಷ್ಟು ಹೇಳಿ ಅವರು ಮುಂದಕ್ಕೆ ತಿರುಗಿ ಮೂಗು ಒರೆಸಿಕೊಂಡರು.

*

ಅಲ್ ರೀಮ್ ಐಲ್ಯಾಂಡಿನ ಐವತ್ತು ಮಹಡಿಯ ಟವರೊಂದರ ನೆಲಮಾಳಿಗೆಯಲ್ಲಿತ್ತು ಲಾಂಡ್ರಿ. ಮೇಲೆ ಕನ್ನಡಿಯಂಥ ಲಿಫ್ಟು, ಕೆಳಗೆ ಹಬೆ. ಲೂರ್ದ್ ಈಗ ಅಲ್ಲಿಯ ಸೂಪರ್‌ವೈಸರ್. ಐವತ್ತರ ಗಟ್ಟಿ ಹೆಂಗಸು. ಬಾಗಿಲಲ್ಲಿ ಮೂವರನ್ನು ಕಂಡದ್ದೇ ಕೈಯಲ್ಲಿದ್ದ ಶರ್ಟಿನ ರಾಶಿ ಕೆಳಗಿಟ್ಟರು.

ಅಹ್ಮದ್ ಕುಂಞಿ ಸುತ್ತು ಬಳಸಲಿಲ್ಲ. ಇಸ್ತ್ರಿ ಮೇಜಿನ ಮೇಲೆ ಎರಡು ಹಳದಿ ಟೋಕನ್‌ಗಳನ್ನು ಪಕ್ಕಪಕ್ಕ ಇಟ್ಟರು.

"ಲೂರ್ದ್ ಬಾಯಿ, ಒಂಬತ್ತು ನಿಮ್ಮದು. ಹದಿನೇಳು ನಿಮ್ಮ ಪಿನ್ನಿಗೆ ಹೇಗೆ ಬಂತು?"

"ಪಿನ್ನು ತೆಗೀಲಿಕ್ಕೆ ಮರೆತೆ" ಎಂದರು ಲೂರ್ದ್. "ಇಬ್ಬರದ್ದೂ ಸ್ವೆಟರಿನ ಒಳಗೆ ಒಟ್ಟಿಗೆ ಹಾಕಿಕೊಂಡಿದ್ದೆ."

"ವಾಪಸ್ ಯಾಕೆ ಹಾಕಿದ್ರಿ? ಆಮ್‌ಸ್ಟರ್‌ಡ್ಯಾಮಿನಲ್ಲಿ ಅಷ್ಟೊಂದು ಕಾಲುವೆ ಇತ್ತು. ಬಿಸಾಡಿದ್ರೆ ಜನ್ಮದಲ್ಲಿ ಗೊತ್ತಾಗ್ತಿರಲಿಲ್ಲ."

"ಅಯ್ಯೋ, ಕಂಪನಿಯದ್ದಲ್ವಾ ಸಾಹೇಬ್ರೇ? ಒಂದು ಕಮ್ಮಿಯಾದರೆ ಸುಶಾಂತನಿಗೆ ಬಯ್ಯುದಿಲ್ವಾ?"

ಅಹ್ಮದ್ ಕುಂಞಿ ನಕ್ಕುಬಿಟ್ಟರು. ಕಳ್ಳರಾಗಿದ್ದರೆ ಸಿಕ್ಕಿಬೀಳುತ್ತಿರಲಿಲ್ಲ ಈ ಹೆಂಗಸು, ಪ್ರಾಮಾಣಿಕತೆಯಿಂದ ಸಿಕ್ಕಿಬಿದ್ದಿದ್ದರು.

ಆದರೆ ರಾಜೀವಿ ನಗಲಿಲ್ಲ. ಅವರು ಮೇಜನ್ನು ದಾಟಿ ಲೂರ್ದ್ ಎದುರು ನಿಂತರು.

"ಸೋಮವಾರ ನೀವು ನನ್ನ ಮನೆಗೆ ಬಂದಿದ್ರಿ. ಸೇಬು ತಂದಿದ್ರಿ. ನನ್ನ ಜೊತೆ ಕೂತು ಅತ್ತಿದ್ರಿ. ಎಲ್ಲ ಗೊತ್ತಿದ್ದು ಬಾಯಿ ಬಿಡ್ಲಿಲ್ಲ ಅಲ್ವಾ? ಅಂಥದ್ದು ನಾನು ನಿಮಗೆಂತ ಮಾಡಿದ್ದೆ?"

"ಜಪಮಾಲೆ ಮುಟ್ಟಿ ಮಾತು ಕೊಟ್ಟಿದ್ದೆ ರಾಜೀವಿ" ಎಂದರು ಲೂರ್ದ್. "ನಿಮ್ಮವರು ಕೊಡಿಸಿದ ಮಾತು. ನಿಮಗೆ ಬಿಪಿ ಉಂಟು, ಹೇಳಬೇಡಿ ಅಂದ್ರು. ಎರಡು ದಿನದಲ್ಲಿ ನಾನೇ ಬಂದು ಹೇಳ್ತೇನೆ ಅಂದ್ರು."

"ಎಲ್ಲಿ ಅಂದದ್ದು?"

"ಬೋಲ್ಜಾನೊದಲ್ಲಿ, ಬಸ್ಸಿನ ಹಿಂದೆ. ಹತ್ತುವಾಗ ಹಲಗೆಯಿಂದ ನನ್ನ ಟೋಕನ್ನನ್ನೂ ನೀವೇ ತೆಗೀರಿ ಬಾಯಿ, ನಾನು ಬಂದಿಲ್ಲ ಅಂತ ಒಂದು ಗಂಟೆ ಹೊತ್ತಾದರೂ ಬಸ್ಸಿನಲ್ಲಿ ಗೊತ್ತಾಗಬಾರದು ಅಂದ್ರು."

ಹಾಗಾದರೆ ಸುಶಾಂತ್ ಹೇಳಿದ್ದೇ ಸರಿ. ಬೇಕೆಂದೇ ಇಳಿದದ್ದು. ರಾಜೀವಿಯ ಮುಖ ನೋಡುವ ಧೈರ್ಯ ಮಿನ್ಹಾಳಿಗಾಗಲಿಲ್ಲ.

"ಯಾಕೆ?" ಅಹ್ಮದ್ ಕುಂಞಿ ಕೇಳಿದರು.

ಲೂರ್ದ್ ಮಿನ್ಹಾಳ ಕಡೆ ತಿರುಗಿದರು. ಆ ನೋಟದಲ್ಲಿ ಎಷ್ಟೊಂದು ಕನಿಕರವಿತ್ತೆಂದರೆ ಮಿನ್ಹಾಳಿಗೆ ಮಾತು ಬರುವ ಮೊದಲೇ ಹೆದರಿಕೆಯಾಯಿತು.

"ನೀನು ಜಾರಿ ಬಿದ್ದದ್ದಲ್ಲ ಪುಟ್ಟಾ. ನಿನ್ನನ್ನು ದೂಡಿದ್ದು. ಬೆನ್ನಿಗೆ ಕೈ ಹಾಕಿ ದೂಡಿದ್ದನ್ನು ಅವರು ಕಣ್ಣಾರೆ ನೋಡಿದ್ರಂತೆ. ದೂಡಿದವರು ನಮ್ಮ ಬಸ್ಸಿನಲ್ಲೇ ಇದ್ದಾರೆ ಅಂದ್ರು."

ಇಸ್ತ್ರಿ ಯಂತ್ರ ಬುಸ್ ಎಂದು ಹಬೆ ಬಿಟ್ಟಿತು.

ಬೆನ್ನಿಗೆ ಏನೋ ತಾಗಿತ್ತು. ನಿಜ. ಒಂಬತ್ತು ದಿನಗಳಿಂದ ಮಿನ್ಹಾ ಅದನ್ನು ಜನಜಂಗುಳಿ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಈಗ ಆ ಜಾಗದಲ್ಲಿ ಐದು ಬೆರಳುಗಳು ಬೇರೆ ಬೇರೆಯಾಗಿ ಗೊತ್ತಾದವು.

"ಯಾರು ಆಂಟಿ?"

"ಹೆಸರು ಹೇಳ್ಲಿಲ್ಲ. ನಿಮಗೆ ಗೊತ್ತಾದರೆ ನಿಮ್ಮ ಮುಖದಲ್ಲೇ ಕಾಣ್ತದೆ ಬಾಯಿ, ಬೇಡ ಅಂದ್ರು. ಆ ಸೇತುವೆ ಹತ್ತಿರ ಮುಖವಾಡ ಮಾರುವ ಅಂಗಡಿಗೆ ಕ್ಯಾಮೆರಾ ಇತ್ತಂತೆ. ದಿನ ಹೋದರೆ ಅದರಲ್ಲಿದ್ದದ್ದು ಅಳಿಸಿಹೋಗ್ತದೆ, ರೈಲಿನಲ್ಲಿ ವೆನಿಸ್‌ಗೆ ಹೋಗಿ ತರ್ತೇನೆ ಅಂದ್ರು. ಬರೀ ಬಾಯಿಮಾತು ಹೇಳಿದರೆ ಒಬ್ಬ ದರ್ಜಿಯನ್ನು ಯಾರು ನಂಬ್ತಾರೆ ಅಂತ ಕೇಳಿದ್ರು. ಮತ್ತೆ ಹೋಗುವಾಗ..." ಲೂರ್ದ್ ಕಣ್ಣೊರೆಸಿಕೊಂಡರು. "ಹೋಗುವಾಗ, ಹುಡುಗಿಯನ್ನು ಒಂದು ಕ್ಷಣವೂ ಒಬ್ಬಳೇ ಬಿಡಬೇಡಿ ಅಂದ್ರು."

ಮಿನ್ಹಾಳಿಗೆ ಉಳಿದ ನಾಲ್ಕು ದಿನ ಒಟ್ಟಿಗೇ ನೆನಪಾಯಿತು. ಬೋಲ್ಜಾನೊ ದಾಟಿದ ಮೇಲೆ ಲೂರ್ದ್ ಆಂಟಿ ತಲೆ ಸುತ್ತುತ್ತದೆ ಎಂದು ಹೇಳಿ ಅವಳ ಪಕ್ಕದ ಸೀಟಿಗೆ ಬಂದು ಕುಳಿತದ್ದು. ಬೆಟ್ಟದ ಹಾದಿಯ ತಿರುವುಗಳಲ್ಲಿ ಅವಳ ತೋಳು ಹಿಡಿದದ್ದು ಬಿಡದೇ ಇದ್ದದ್ದು. ಟಾಯ್ಲೆಟ್ಟಿಗೆ ಹೋದರೂ ಬಾಗಿಲ ಹೊರಗೆ ಕಾವಲು ನಿಂತದ್ದು. ಆಮ್‌ಸ್ಟರ್‌ಡ್ಯಾಮಿನಲ್ಲಿ ದೋಣಿ ಹತ್ತುವಾಗ ನನಗೆ ಹೆದರಿಕೆ ಎಂದು ಅವಳನ್ನು ಅಂಚಿನಿಂದ ನಡುವಿಗೆ ಎಳೆದು ಕೂರಿಸಿದ್ದು. ಈ ಆಂಟಿ ಬಾಲದ ಹಾಗೆ ಅಂಟಿಕೊಂಡಿದ್ದಾರೆ, ಒಂದು ಫೋಟೋ ತೆಗೆಯಲೂ ಬಿಡುವುದಿಲ್ಲ ಎಂದು ಗೆಳತಿಗೆ ಫೋನಿನಲ್ಲಿ ಗೊಣಗಿದ್ದಳು ಆಗ.

ಅವಳು ಮೇಜು ಬಳಸಿ ಓಡಿಹೋಗಿ ಲೂರ್ದ್‌ರನ್ನು ತಬ್ಬಿಕೊಂಡಳು.

"ನನಗೆ ಗೊತ್ತಿರಲಿಲ್ಲ ಆಂಟಿ. ಐ ಆ್ಯಮ್ ಸೋ ಸಾರಿ. ನಿಮ್ಮ ಬಗ್ಗೆ ಏನೇನೋ ಅಂದುಕೊಂಡೆ. ನೀವು ಹಗಲೂ ರಾತ್ರಿ ನನ್ನನ್ನು ಕಾದಿರಿ."

"ನಾನೇನು ಕಾದೆ ಪುಟ್ಟಾ? ಬರೀ ಪಕ್ಕದಲ್ಲಿ ಕೂತೆ. ಕಾದದ್ದು ಅವರು."

ತನ್ನ ಹೆತ್ತವರಲ್ಲದ, ಬಂಧುಗಳೂ ಅಲ್ಲದ ಇಬ್ಬರು ತನ್ನ ಜೀವಕ್ಕೆ ಇಷ್ಟು ಬೆಲೆ ಕೊಟ್ಟಿದ್ದರು. ಮಿನ್ಹಾಳಿಗೆ ಹೆದರಿಕೆಗಿಂತ ಹೆಚ್ಚಾಗಿ ಆ ಕೃತಜ್ಞತೆಯೇ ಅಳು ತರಿಸಿತು. ರಾಜೀವಿಯೂ ಬಂದು ಇಬ್ಬರ ಮೇಲೂ ಕೈಯಿಟ್ಟರು. ಅವರ ಸಿಟ್ಟು ಎಲ್ಲಿ ಕರಗಿತೋ ಅವರಿಗೇ ತಿಳಿಯಲಿಲ್ಲ.

"ಆಮೇಲೆ ಏನಾದರೂ ಸುದ್ದಿ?" ಅಹ್ಮದ್ ಕುಂಞಿ ಕೇಳಿದರು.

ಲೂರ್ದ್ ತಮ್ಮ ಫೋನು ತೆರೆದು ತೋರಿಸಿದರು. ವೆನಿಸ್‌ನಿಂದ ಬಂದ ಒಂದೇ ಒಂದು ಸಂದೇಶ. 'ಸಿಕ್ಕಿತು. ಹುಡುಗಿ ಜೋಪಾನ.' ಅದಾದ ಮೇಲೆ ಫೋನು ಸ್ವಿಚ್ ಆಫ್. ಇವತ್ತಿನವರೆಗೂ.

*

ನಾಲ್ಕು ಇಪ್ಪತ್ತೈದಕ್ಕೆ ಸುಶಾಂತ್ ಫೋನ್ ಮಾಡಿದ. "ಏನಾದ್ರೂ ಸಿಕ್ಕಿತಾ ಅಹ್ಮದಾಕ? ಬಾಸ್ ಪೆನ್ನು ಹಿಡಿದು ಕೂತಿದ್ದಾರೆ."

"ಐದು ನಿಮಿಷ ತಡಿ." ಅಹ್ಮದ್ ಕುಂಞಿ ಫೋನು ಇಟ್ಟು ಮೂವರ ಮುಖವನ್ನೂ ನೋಡಿದರು. "ಈಗ ನಿಜ ಹೇಳಿದರೆ ಪತ್ರ ನಿಲ್ತದೆ. ಆದರೆ ದೂಡಿದವರು ಮೂವತ್ತೆರಡು ಜನರಲ್ಲಿ ಯಾರೋ ಒಬ್ಬರು. ಸುಶಾಂತನೂ ಅದರಲ್ಲಿ ಒಬ್ಬ. ಜಯಪಾಲ ಎಲ್ಲಿದ್ದಾನೋ, ಅವನ ಹತ್ತಿರ ಸಾಕ್ಷಿ ಉಂಟು ಅಂತ ಗೊತ್ತಾದರೆ..."

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಆದರೆ ಹಾವು ಯಾವುದೆಂದೇ ಗೊತ್ತಿರಲಿಲ್ಲ.

"ಹೇಳಬೇಡಿ" ಎಂದರು ರಾಜೀವಿ.

"ನಿನ್ನ ವೀಸಾ ರಾಜೀವಿ? ಅವನ ಹೆಸರು?"

"ಬರೀಲಿ ಅಹ್ಮದಾಕ. ಓಡಿಹೋದ ಅಂತಲೇ ಬರೀಲಿ. ಮೊನ್ನೆಯಿಂದ ನಾನೇ ಒಳಗೊಳಗೆ ಹಾಗೆ ಅಂದುಕೊಂಡಿದ್ದೆ, ಹೆಂಡತಿಯಾಗಿ. ಈಗ ಗೊತ್ತಾಯ್ತಲ್ಲ ಇವರು ಎಂಥವರು ಅಂತ. ಅಷ್ಟು ಸಾಕು ನನಗೆ. ಹೆಸರು ಹೋದರೆ ಹೋಗಲಿ, ಮನುಷ್ಯ ಉಳೀಲಿ."

ಅಹ್ಮದ್ ಕುಂಞಿ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು, ಅದು ಹಬೆಯಿಂದ ಮಂಜಾಗಿದೆ ಎಂಬಂತೆ. "ಕಡೇಪಕ್ಷ ನಿನ್ನ ವೀಸಾಕ್ಕೆ ಏನಾದರೂ ದಾರಿ ಉಂಟಾ ನೋಡುವಾ" ಎಂದು ಸಕೀನಳಿಗೆ ಫೋನ್ ಹಚ್ಚಿ, ರಾಜೀವಿಯ ಫೈಲ್ ತೆರೆಯಲು ಹೇಳಿದರು.

ಕೀಬೋರ್ಡಿನ ಸದ್ದು ಸ್ಪೀಕರಿನಲ್ಲಿ ಕೇಳಿಸಿತು. ಆಮೇಲೆ ಸಕೀನಳ ದನಿ. "ಅಹ್ಮದಾಕ, ಇವರ ಸ್ಪಾನ್ಸರ್ ಗಂಡ ಅಲ್ವಾ? ಜಯಪಾಲ? ಅವರು ದೇಶದ ಒಳಗಿದ್ದಾರೆ ಅಂತ ತೋರಿಸ್ತಾ ಉಂಟು."

"ಹಳೇದಿರಬೇಕು. ಸರಿ ನೋಡು."

"ಹಳೇದಲ್ಲ. ದುಬೈ ಏರ್‌ಪೋರ್ಟ್. ಶನಿವಾರ ಬೆಳಿಗ್ಗೆ ಒಂಬತ್ತೂ ಇಪ್ಪತ್ತು."

ಶನಿವಾರ. ಬಸ್ಸಿನವರೆಲ್ಲ ವಿಮಾನದಿಂದ ಇಳಿದದ್ದು ಭಾನುವಾರ. ಓಡಿಹೋದವರು ಎಲ್ಲರಿಗಿಂತ ಒಂದು ದಿನ ಮೊದಲೇ ಬಂದಿಳಿದಿದ್ದರು.

"ಅಲ್‌ಹಮ್ದುಲಿಲ್ಲಾ!" ಅಹ್ಮದ್ ಕುಂಞಿ ಮೇಜಿಗೆ ಗುದ್ದಿದರು. ಮರುಕ್ಷಣವೇ ಸುಶಾಂತನಿಗೆ ಫೋನು. "ಏ ಟೈಮ್‌ಕೀಪರ್, ದೇಶದ ಒಳಗಿದ್ದವನನ್ನು ಯುರೋಪಿನಲ್ಲಿ ತಲೆಮರೆಸಿಕೊಂಡಿದ್ದಾನೆ ಅಂತ ಬರೀತಾರಾ ನಿನ್ನ ಬಾಸ್? ಶನಿವಾರ ಬಂದ ದಾಖಲೆ ಉಂಟು. ಸಕೀನ ಕಳಿಸ್ತಾಳೆ ನೋಡು."

ಆ ಕಡೆಯಿಂದ ಒಂದು ದೊಡ್ಡ ಉಸಿರು ಕೇಳಿಸಿತು. "ಅಬ್ಬ! ದೇವರು ದೊಡ್ಡವನು. ಪತ್ರ ಖಲಾಸ್ ಅಹ್ಮದಾಕ, ಹರಿದು ಹಾಕ್ತೇನೆ. ರಾಜೀವಕ್ಕನಿಗೆ ನನ್ನ ಪರವಾಗಿ ಕ್ಷಮೆ ಕೇಳಿ."

ರಾಜೀವಿ ನಕ್ಕರು. ಅತ್ತರು. ಎರಡನ್ನೂ ಒಟ್ಟಿಗೆ ಮಾಡಿದರು. ಅಹ್ಮದ್ ಕುಂಞಿಯವರ ಕಾಲು ಮುಟ್ಟಲು ಬಗ್ಗಿದರೆ ಅವರು ಗಾಬರಿಯಾಗಿ ಹಿಂದೆ ಸರಿದು ಬಟ್ಟೆಯ ಬುಟ್ಟಿಯಲ್ಲಿ ಕುಳಿತುಬಿಟ್ಟರು. ಲೂರ್ದ್ ಶಿಲುಬೆಯ ಗುರುತು ಮಾಡಿ ಚಾ ತರಲು ಓಡಿದರು. ಆ ನೆಲಮಾಳಿಗೆಯಲ್ಲಿ ಐದು ನಿಮಿಷ ಹಬ್ಬದ ಕಳೆಯಿತ್ತು.

ಚಾ ಬಂದಾಗ ರಾಜೀವಿ ಕಪ್ಪನ್ನು ಬಾಯಿಯವರೆಗೆ ತಂದು ನಿಲ್ಲಿಸಿದರು.

"ಶನಿವಾರ ಬಂದವರು ಇವತ್ತು ಗುರುವಾರವಾದರೂ ಮನೆಗೆ ಯಾಕೆ ಬರ್ಲಿಲ್ಲ?"

ಆಗ ಮಿನ್ಹಾಳ ಫೋನು ಟಿಂಗ್ ಎಂದಿತು. ಮತ್ತೆ ಟಿಂಗ್. ಮತ್ತೆ ಮತ್ತೆ. ಪ್ರವಾಸದ ವಾಟ್ಸಾಪ್ ಗ್ರೂಪು.

ಸುಶಾಂತ್ ಖುಷಿ ತಡೆಯಲಾರದೆ ಬರೆದಿದ್ದ. 'ಎಲ್ಲರಿಗೂ ಒಳ್ಳೆ ಸುದ್ದಿ! ನಮ್ಮ ಜಯಪಾಲಣ್ಣ ದುಬೈಯಲ್ಲೇ ಇದ್ದಾರೆ!' ಕೆಳಗೆ ಕೈಮುಗಿದ ಚಿತ್ರಗಳ ಮಳೆ. ಜರ್ಮನಿಯಲ್ಲಿ ಕೆಲಸ ಕೊಡಿಸಿದ್ದವರೇ ಮೊದಲು ಕೈ ಮುಗಿದಿದ್ದರು.

"ಅಯ್ಯೋ, ಎಲ್ಲರಿಗೂ ಹೇಳಿಬಿಟ್ಟನಲ್ಲ" ಎಂದು ಅಹ್ಮದ್ ಕುಂಞಿ ಬುಟ್ಟಿಯಿಂದ ಏಳುತ್ತಿರುವಾಗಲೇ, ಆ ಕೈಮುಗಿದ ಚಿತ್ರಗಳ ನಡುವೆ ಬೂದುಬಣ್ಣದ ಒಂದು ಸಣ್ಣ ಸಾಲು ಮೂಡಿತು. ಮಿನ್ಹಾ ಅದನ್ನು ಎರಡು ಸಲ ಓದಿದಳು.

'ಜಯಪಾಲ ಟೈಲರ್ ಗ್ರೂಪನ್ನು ತೊರೆದಿದ್ದಾರೆ.'

"ಫೋನ್ ಆನ್ ಆಗಿದೆ!" ಮಿನ್ಹಾ ಕೂಗಿದಳು. "ರಾಜೀವಕ್ಕ, ಅಣ್ಣನ ಫೋನ್ ಆನ್ ಆಗಿದೆ!"

ರಾಜೀವಿ ಆಗಲೇ ನಂಬರ್ ಒತ್ತಿದ್ದರು. ಒಂದು ರಿಂಗು. ಎರಡು. ಮೂರನೆಯದಕ್ಕೆ ಯಾರೋ ಎತ್ತಿದರು.

"ನೋಡಿ, ನಾನು" ಎಂದರು ರಾಜೀವಿ. "ಎಲ್ಲಿದ್ದೀರಿ? ಊಟ ಆಯ್ತಾ?"

ಆ ಕಡೆಯಿಂದ ಮಾತಿಲ್ಲ. ಉಸಿರಾಟ ಮಾತ್ರ ಕೇಳುತ್ತಿತ್ತು. ರಾಜೀವಿ ಕಣ್ಣು ಮುಚ್ಚಿ, ಫೋನನ್ನು ಕಿವಿಗೆ ಒತ್ತಿ ಹಿಡಿದು ಬಹಳ ಹೊತ್ತು ಆಲಿಸಿದರು. ಮಿನ್ಹಾ ನೋಡುತ್ತಿದ್ದಂತೆ ಅವರ ಮುಖದ ನಗು ಇಳಿಯಿತು.

ಅವರು ಫೋನಿಗೆ ಕೈ ಅಡ್ಡ ಹಿಡಿದು ತಲೆಯೆತ್ತಿದರು.

"ಇಪ್ಪತ್ತೆಂಟು ವರ್ಷ ಪಕ್ಕದಲ್ಲಿ ಮಲಗಿದವಳು ನಾನು ಅಹ್ಮದಾಕ" ಎಂದರು. "ಈ ಉಸಿರು ಇವರದ್ದಲ್ಲ."